ರೋಬೋಟ್, ಫಿಸಿಯೋ ಮೇಡಂ ಮತ್ತು ಅಪ್ಪನ ಬೂಟು

ನಮಸ್ಕಾರ, ಬಾಗಲಕೋಟೆ ನವನಗರದಿಂದ. ಈ ವಿಡಿಯೋದಲ್ಲಿ ಕಂಬಿ ಹಿಡಿದು ನಡೆಯುತ್ತಿರುವವರು ನಮ್ಮಪ್ಪ, ಎಡಗಡೆ ಲಕ್ವ ಹೊಡೆದಿದೆ. ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿರುವವರು ಫಿಸಿಯೋ ಮೇಡಂ. ಅವರ ಕೈ ನೋಡಿ. ಕಾಲು ಎತ್ತುವಾಗ ಬಿಟ್ಟುಬಿಡುತ್ತಾರೆ, ಮೊಣಕಾಲು ಹಿಂದಕ್ಕೆ ಜಗ್ಗಿದಾಗ ಮಾತ್ರ ತಟ್ಟನೆ ಹಿಡಿಯುತ್ತಾರೆ.

ಸಂಬಂಧಿಕರದ್ದು ಒಂದೇ ಮಾತು, ರೋಬೋಟ್ ಇರುವ ದೊಡ್ಡ ಊರಿಗೆ ಕರೆದುಕೊಂಡು ಹೋಗು ಅಂತ. ನನಗೂ ಅದೇ ಆಸೆ ಇತ್ತು. ಲೋಕೋಮ್ಯಾಟ್ ಅಂತ ಒಂದು ಯಂತ್ರ, ಬೆಲ್ಟಿನಿಂದ ಮೈಭಾರ ಎತ್ತಿ ಹಿಡಿಯುತ್ತದೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತದೆ, ಸೊಂಟ ಮೊಣಕಾಲಿನ ಹತ್ತಿರ ಇರುವ ಮೋಟಾರು ಕಾಲನ್ನು ನಡೆಸುತ್ತದೆ. ಆದರೆ 2008ರಲ್ಲಿ ಶಿಕಾಗೋದವರು ಮಾಡಿದ ಒಂದು ಅಧ್ಯಯನ ಓದಿದೆ. ಲಕ್ವ ಹೊಡೆದು ಬಹಳ ದಿನ ಆಗಿ, ಹೇಗೋ ನಡೆಯುತ್ತಿದ್ದ 48 ಜನ. ಅರ್ಧರ್ಧ ಗಂಟೆಯಂತೆ 12 ಸಲ ನಡೆಸಿದರು, ಕೆಲವರನ್ನು ಯಂತ್ರದಲ್ಲಿ, ಉಳಿದವರನ್ನು ಥೆರಪಿಸ್ಟ್ ಕೈಹಿಡಿದು. ಥೆರಪಿಸ್ಟ್ ಕೈಯಲ್ಲಿ ನಡೆದವರ ವೇಗವೇ ಜಾಸ್ತಿ ಸುಧಾರಿಸಿತ್ತು. ಯಂತ್ರವೇ ಕಾಲು ಎತ್ತಿದರೆ ನಾವು ಸುಮ್ನೆ ಹೋಗಿಬಿಡುತ್ತೇವೆ ಅಲ್ವಾ?

ಹಾಗಂತ ಯಂತ್ರ ಬೇಡ ಅನ್ನುವುದೂ ತಪ್ಪು. ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ, ನಡೆಯಲಿಕ್ಕೇ ಆಗದವರಿಗೆ, ಫಿಸಿಯೋಥೆರಪಿ ಜೊತೆ ಯಂತ್ರವೂ ಸಿಕ್ಕರೆ ತಾವೇ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಅಂಥವರು ಮನೆಯಲ್ಲಿದ್ದರೆ ಖಂಡಿತ ವಿಚಾರಿಸಿ. ಅಪ್ಪನಿಗೆ ಈಗ ಮೇಡಂ ಕೈಯೇ ಬೇಕು.

ಈ ಬೂಟಿನ ಕಥೆ ಹೇಳಲೇಬೇಕು. ಪಾದ ಜೋಲುತ್ತದೆ ಅಂತ ಎಡಗಾಲಿಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದಾರೆ. ಅದು ಚಪ್ಪಲಿಗೆ ಕೂರುವುದಿಲ್ಲ, ಬೂಟೇ ಬೇಕು, ಅದೂ ಒಂದು ನಂಬರ್ ದೊಡ್ಡದು. ಬಲಕ್ಕೆ 8, ಎಡಕ್ಕೆ 9. ಯಾವ ಅಂಗಡಿಯವರೂ ಜೋಡಿ ಒಡೆಯುವುದಿಲ್ಲ. ಎರಡೂ ಕಾಲಿಗೆ 9 ಹಾಕಿ ನೋಡಿದರೆ ಬಲಗಾಲು ಒಳಗೆ ಜಾರುತ್ತದೆ, ಮೊದಲೇ ಬೀಳುವ ಭಯ ಇರುವವರಿಗೆ ಅದು ಆಗುವ ಮಾತಾ? ಕೊನೆಗೆ ಎರಡು ಜೋಡಿ ತಗೊಂಡೆ, 1800 ರೂಪಾಯಿ. ಸಿಟ್ಟು ಇನ್ನೂ ಇಳಿದಿಲ್ಲ. ಲಕ್ವ ಆದವರು ಪ್ರತಿ ಊರಲ್ಲೂ ಇದ್ದಾರೆ, ಬಿಡಿ ಬೂಟು ಮಾರಿದರೆ ಏನು ಕಷ್ಟ? ಎಡದ 8, ಬಲದ 9 ಹೊಸದಾಗಿಯೇ ಉಳಿದಿವೆ. ಬಲಗಡೆ ಲಕ್ವ ಆಗಿ 8ನೇ ನಂಬರ್ ಪಾದ ಇರುವವರಿಗೆ ಸರಿಯಾಗಿ ಕೂರುತ್ತವೆ, ಬೇಕಿದ್ದವರು ಹೇಳಿ, ದುಡ್ಡು ಬೇಡ.

ನವನಗರದ ರಸ್ತೆ ಅಗಲ ಇರುವುದು ಒಂದು ಪುಣ್ಯ, ಸಂಜೆ ಅಲ್ಲೇ ನಡೆಸುತ್ತೇನೆ... ಇರಿ, ಮೆಟ್ಟಿಲ ಹತ್ತಿರ ಹೋದರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಪ್ಪಾ, ಎಡಗಾಲು, ಎಡಗಾಲು ಮೊದಲು ಇಳಿಸಿ!