ಗಾರಾಬಿ ಸೇತುವೆ ಯಾರದು?

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ದಕ್ಷಿಣಕ್ಕೆ ಕಾಂತಾಲ್ ಅಂತ ಒಂದು ಜಿಲ್ಲೆಯಿದೆ. ಎತ್ತರದ ಹುಲ್ಲುಗಾವಲು, ದನಕರು, ಚಳಿಗಾಲದಲ್ಲಿ ಹಿಮ. ಊರುಗಳು ಚಿಕ್ಕವು, ಜನ ಕಡಿಮೆ. ಅಲ್ಲಿ ತ್ರುಯೆರ್ ನದಿಯ ಆಳವಾದ ಕಣಿವೆಯನ್ನು ಒಂದು ಕಬ್ಬಿಣದ ರೈಲು ಸೇತುವೆ ದಾಟುತ್ತದೆ. ಅದೇ ಗಾರಾಬಿ. ಎಲ್ಲರೂ ಅದನ್ನು ಐಫೆಲ್ ಸೇತುವೆ ಅನ್ನುತ್ತಾರೆ. ಕಟ್ಟಿದ್ದು ಗುಸ್ತಾವ್ ಐಫೆಲ್ ಕಂಪನಿಯೇ, ನಿಜ. ಆದರೆ ಇಲ್ಲಿ ಸೇತುವೆ ಬೇಕು ಅಂದವನು ಬೇರೆಯವನು. ಅವನ ಹೆಸರು ನಿಮಗೂ ಗೊತ್ತಾಗಲಿ ಅನ್ನುವುದು ನನ್ನ ಆಸೆ.

ಅವನು ಲಿಯೋನ್ ಬ್ವಾಯೆ. ಸರ್ಕಾರಿ ಎಂಜಿನಿಯರ್, ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮೊದಲಿನ ಯೋಜನೆಯಲ್ಲಿ ರೈಲು ಹಳಿ ಸುತ್ತಿ ಬಳಸಿ ಕಣಿವೆಗೆ ಇಳಿದು, ಮತ್ತೆ ಮೇಲೆ ಹತ್ತಬೇಕಿತ್ತು. ಸುಮ್ನೆ ಇಳಿದು ಹತ್ತುವುದೇಕೆ, ಮೇಲಿನ ಬಯಲಿನಿಂದ ಬಯಲಿಗೇ ನೇರ ಹೋಗೋಣ ಅಂದ ಬ್ವಾಯೆ. ಅಂಥ ಧೈರ್ಯಕ್ಕೆ ಅವನಿಗೆ ಒಂದು ಆಧಾರ ಇತ್ತು. 1877ರಲ್ಲಿ ಐಫೆಲ್ ಕಂಪನಿ ಪೋರ್ಚುಗಲ್ಲಿನ ಪೋರ್ಟೊದಲ್ಲಿ 160 ಮೀಟರ್ ಅಗಲದ ಕಬ್ಬಿಣದ ಕಮಾನು ಕಟ್ಟಿ ಮುಗಿಸಿತ್ತು. ಟೆಂಡರ್ ಕರೆಯದೆ ಕೆಲಸವನ್ನು ಆ ಕಂಪನಿಗೇ ಕೊಡಿ ಅಂತ ಬ್ವಾಯೆ ಶಿಫಾರಸು ಮಾಡಿದ. ಹಾಗೇ ಆಯಿತು.

ಲೆಕ್ಕಾಚಾರ ನೋಡಿಕೊಂಡವನು ಐಫೆಲ್ ಕಂಪನಿಯ ಒಬ್ಬ ಯುವಕ, ಮೋರಿಸ್ ಕೆಕ್ಲ್ಯಾಂ. ಗಾಳಿಯದೇ ದೊಡ್ಡ ಚಿಂತೆ. 1879ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಗೆ ಕುಸಿದು, ರೈಲಿನ ಸಮೇತ ನದಿಗೆ ಬಿದ್ದಿತ್ತು. ಗಾರಾಬಿಯಲ್ಲಿ ಕಂಬ, ಕಮಾನು ಎಲ್ಲವೂ ಜಾಲರಿ. ಗಾಳಿ ಅದರೊಳಗೆ ನುಗ್ಗಿ ಆಚೆ ಹೋಗುತ್ತದೆ. ಕಮಾನಿನ ಆಕಾರ ನೋಡಿ: ನಡುವೆ ದಪ್ಪ, ಎರಡೂ ತುದಿಗೆ ಸಣ್ಣ, ಬಿದಿಗೆ ಚಂದ್ರನ ಹಾಗೆ. ತುದಿಗಳು ಕೀಲಿನ ಮೇಲೆ ಕೂತಿವೆ. ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಕಮಾನು ಕೀಲಿನಲ್ಲಿ ತುಸು ಹೊರಳಿಕೊಳ್ಳುತ್ತದೆ. ಪಕ್ಕದ ಗಾಳಿಗೆ ಅಲುಗಾಡದಂತೆ ಬುಡದಲ್ಲಿ ಕಾಲು ಅಗಲಿಸಿ ನಿಂತಿದೆ.

ಕಟ್ಟಿದ ಬಗೆಯಂತೂ ಇನ್ನೂ ಸೊಗಸು. ಅಷ್ಟು ಆಳದಿಂದ ಮರದ ಅಟ್ಟಣೆ ಎಬ್ಬಿಸುವುದು ಆಗದ ಮಾತು. ಎರಡೂ ದಡದಿಂದ ಅರ್ಧರ್ಧ ಕಮಾನನ್ನು ತುಂಡು ತುಂಡಾಗಿ ಮುಂದಕ್ಕೆ ಬೆಳೆಸುತ್ತ ಹೋದರು. ಬೀಳದಂತೆ ಉಕ್ಕಿನ ಹಗ್ಗಗಳಿಂದ ಹಿಂದಕ್ಕೆ ಎಳೆದು ಕಟ್ಟಿದ್ದರು. ನೆಲದಿಂದ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿ ಕೆಲಸಗಾರರು ರಿವೆಟ್ ಹೊಡೆದರು. 1884ರ ಏಪ್ರಿಲಿನಲ್ಲಿ ಎರಡು ತುದಿಗಳೂ ನಡುವೆ ಕೂಡಿದವು. ಕಮಾನಿನ ಅಗಲ 165 ಮೀಟರ್, ಸೇತುವೆಯ ಉದ್ದ 565 ಮೀಟರ್, ನದಿಯಿಂದ ಎತ್ತರ ಆಗ 122 ಮೀಟರ್. ಆಗ ಜಗತ್ತಿನಲ್ಲೇ ಅತಿ ಎತ್ತರದ ಸೇತುವೆ ಅದು.

ಅದೇ ವರ್ಷದ ಜೂನಿನಲ್ಲಿ ಕೆಕ್ಲ್ಯಾಂ ಒಂದು ಗೋಪುರದ ಮೊದಲ ಚಿತ್ರ ಬರೆದ. ಪ್ಯಾರಿಸ್ಸಿನ ಐಫೆಲ್ ಗೋಪುರದ ಹುಟ್ಟು ಅಲ್ಲಿ. ಬುಡ ಅಗಲಿಸುವುದು, ಗಾಳಿಗೆ ದಾರಿ ಬಿಡುವುದು, ಇವೆಲ್ಲ ಸೇತುವೆಗಳಲ್ಲಿ ಪಳಗಿದ ವಿದ್ಯೆಯೇ.

ಬ್ವಾಯೆ ಮುಂದೆ ಪನಾಮಾ ಕಾಲುವೆಯ ಕೆಲಸಕ್ಕೆ ಹೋದ. 1886ರಲ್ಲಿ ಅಲ್ಲೇ ಹಳದಿ ಜ್ವರದಿಂದ ತೀರಿಕೊಂಡ. ವಯಸ್ಸು 35. ಗಾರಾಬಿಯ ಮೇಲೆ ರೈಲು ಸಂಚಾರ ಶುರುವಾದದ್ದು ಎರಡು ವರ್ಷದ ನಂತರ, 1888ರಲ್ಲಿ.