ಅಗ್ಗದ ಡೈವ್ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಹೆಚ್ಚಿನವರು ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರು, ಇಲ್ಲವೇ ಅರ್ಧ ದಾರಿಯಲ್ಲಿರುವವರು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದು ಸಲ ಮುಳುಗಿ ಮೀನು ನೋಡಿ ಬಂದರೆ ಸಾಕು ಅನ್ನುವವರು ಯಾರಾದರೂ ಇದ್ದರೆ, ನಿಮಗೆ ಕಂಪ್ಯೂಟರ್ ಬೇಡವೇ ಬೇಡ. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ವರ್ಷಾವರ್ಷ ಡೈವ್ ಮಾಡುತ್ತೇನೆ ಅನ್ನುವವರಿಗೆ ಇವತ್ತಿನ ಮಾತು.

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಈ ಯಂತ್ರ ಮಾಡುವ ಕೆಲಸ ಇಷ್ಟೇ. ಆಳಕ್ಕೆ ಹೋದಷ್ಟೂ ಒತ್ತಡ ಹೆಚ್ಚಿ, ಉಸಿರಿನ ಜೊತೆ ಹೋದ ನೈಟ್ರೋಜನ್ ಮೈಯಲ್ಲಿ ಸೇರಿಕೊಳ್ಳುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗುತ್ತದೆ. ಅದೇ ಬೆಂಡ್ಸ್ ಅನ್ನುವ ಕಾಯಿಲೆ. ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದರೆ ಹೇಗೆ ಮೇಲೆ ಬರಬೇಕು ಅನ್ನುವ ಕೋಷ್ಟಕವನ್ನು ಬ್ರಿಟಿಷ್ ನೌಕಾಪಡೆಗಾಗಿ ಕೊಟ್ಟಿದ್ದು 1908ರಲ್ಲಿ. ಕೋಷ್ಟಕ ನೀವು ಇಡೀ ಹೊತ್ತು ಅತಿ ಆಳದಲ್ಲೇ ಇದ್ದಿರಿ ಅಂತ ಲೆಕ್ಕ ಹಾಕುತ್ತದೆ. ಕಂಪ್ಯೂಟರ್ ಹಾಗಲ್ಲ. ಕೆಲವು ಸೆಕೆಂಡಿಗೊಮ್ಮೆ ಆಳ ಅಳೆದು, ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಅಂತ ಹೇಳುತ್ತಾ ಹೋಗುತ್ತದೆ. ಮೇಲೆ ಬರುವ ವೇಗ ಜಾಸ್ತಿಯಾದರೆ ಎಚ್ಚರಿಸುತ್ತದೆ. ಮೇಲೆ ಬರುವ ಮೊದಲು 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಎಣಿಸುತ್ತದೆ. ಅಂಗಡಿಯ ಅತಿ ಅಗ್ಗದ ಮಾಡೆಲ್ ಕೂಡ ಇಷ್ಟನ್ನೂ ಮಾಡುತ್ತದೆ.

ಹಾಗಾದರೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ‘ಅಗ್ಗದ್ದರ ಆಲ್ಗಾರಿದಮ್, ಅಂದರೆ ಲೆಕ್ಕ ಹಾಕುವ ವಿಧಾನ, ತುಂಬಾ ಬಿಗಿ, ನೀರಲ್ಲಿ ಸಮಯ ಕಡಿಮೆ ಕೊಡುತ್ತೆ’ ಅಂತ ಹೇಳುವವರಿದ್ದಾರೆ. ಸರಿ, ಲೆಕ್ಕ ಹಾಕಿಯೇ ನೋಡೋಣ. 15 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡೂವರೆ ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅಲ್ಲಿ 50 ಲೀಟರ್ ಬೇಕು. ನಮ್ಮ ದೋಣಿಗಳಲ್ಲಿ ಸಿಗುವುದು ಸಾಮಾನ್ಯವಾಗಿ 11 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ ಒತ್ತಡಕ್ಕೆ ತುಂಬಿಸಿ, 50 ಬಾರ್ ಮೀಸಲಿಟ್ಟರೆ ಕೈಗೆ ಉಳಿಯುವುದು 1650 ಲೀಟರ್. ಅಂದರೆ 33 ನಿಮಿಷ! ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಕೋಷ್ಟಕ ಅದಕ್ಕಿಂತ ಆಳದ 16 ಮೀಟರ್‌ಗೂ 72 ನಿಮಿಷ ಕೊಡುತ್ತದೆ. ನಿಮ್ಮ ಕಂಪ್ಯೂಟರ್ ಎಷ್ಟೇ ಜಿಪುಣನಾಗಿರಲಿ, ಅದರ ಸಮಯಕ್ಕಿಂತ ಮೊದಲು ಗಾಳಿ ಮುಗಿಯುತ್ತದೆ. ಎರಡನೇ ಡೈವ್‌ನಲ್ಲೂ ಹೆಚ್ಚಾಗಿ ಇದೇ ಕಥೆ. ಹೊಸಬರು 20 ಲೀಟರ್‌ಗಿಂತ ಜಾಸ್ತಿಯೇ ಎಳೆಯುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮಾಲ್ಡೀವ್ಸ್‌ನಲ್ಲಿ ದೋಣಿಯಲ್ಲೇ ಇದ್ದು, ದಿನಕ್ಕೆ ಮೂರು ನಾಲ್ಕು ಸಲ, 25-30 ಮೀಟರ್‌ಗೆ ಇಳಿಯುವವರ ಮಾತು ಬೇರೆ. 30 ಮೀಟರ್‌ಗೆ ಅದೇ ಕೋಷ್ಟಕ ಕೊಡುವುದು ಬರೀ 20 ನಿಮಿಷ. ಸುಂಟೊ ಜೂಪ್ ನೊವೊ, ಕ್ರೆಸ್ಸಿ ಲಿಯೊನಾರ್ಡೊ ತರಹದ ಅಗ್ಗದ ಕಂಪ್ಯೂಟರ್‌ಗಳು ಮೇಲಿಂದ ಮೇಲೆ ಡೈವ್ ಮಾಡಿದರೆ ಸಮಯವನ್ನು ಇನ್ನಷ್ಟು ಕತ್ತರಿಸುತ್ತವೆ. ಅಂಥವರು ಶಿಯರ್‌ವಾಟರ್ ಪೆರೆಗ್ರೀನ್ ಅನ್ನುವ ಕಂಪ್ಯೂಟರ್ ಕಡೆ ನೋಡುವುದರಲ್ಲಿ ಅರ್ಥವಿದೆ. ಬಣ್ಣದ ಪರದೆ, ಚಾರ್ಜ್ ಮಾಡುವ ಬ್ಯಾಟರಿ, ಎಷ್ಟು ಬಿಗಿ ಇರಬೇಕು ಅಂತ ನೀವೇ ಹೊಂದಿಸಬಹುದು. ಬೆಲೆ ಮಾತ್ರ ಅಗ್ಗದವುಗಳ ಎರಡು ಪಟ್ಟಿನಷ್ಟು.

ನನ್ನನ್ನು ಕೇಳಿದರೆ ನೋಡಬೇಕಾದ್ದು ಅಂಕಿ, ಬಟನ್, ಬ್ಯಾಟರಿ. ನೀರು ಕಲಕಿದ ದಿನ, ಮಾಸ್ಕ್‌ನೊಳಗೆ ಮಂಜು ಕವಿದಾಗ, ಉಳಿದ ನಿಮಿಷ ಒಂದೇ ನೋಟಕ್ಕೆ ಕಾಣಬೇಕು. ನಲವತ್ತು ದಾಟಿದವರಂತೂ ಕೈಗಡಿಯಾರದಷ್ಟು ಚಿಕ್ಕದನ್ನು ಚಂದ ಇದೆ ಅಂತ ಕೊಳ್ಳಬೇಡಿ. ಕಣ್ಣು ಕಿರಿದು ಮಾಡಿಕೊಂಡು ಓದುವಷ್ಟರಲ್ಲಿ ಎರಡು ಮೀಟರ್ ಇಳಿದುಬಿಟ್ಟಿರುತ್ತೀರಿ.

ಬಟನ್ ವಿಷಯಕ್ಕೆ ಬಂದರೆ, ಲಿಯೊನಾರ್ಡೊ, ಇನ್ನೊಂದು ಅಗ್ಗದ ಮಾಡೆಲ್ ಆದ ಮಾರೆಸ್ ಪಕ್ ಪ್ರೊ, ಎರಡಕ್ಕೂ ಒಂದೇ ಬಟನ್. ಒತ್ತಿದರೆ ಮುಂದೆ ಹೋಗುತ್ತದೆ, ಒತ್ತಿ ಹಿಡಿದರೆ ಒಪ್ಪಿಕೊಳ್ಳುತ್ತದೆ. ಬೇಕಾದ ಅಂಕಿ ದಾಟಿ ಹೋಯಿತೋ, ಪೂರ್ತಿ ಸುತ್ತು ಹಾಕಿಯೇ ಬರಬೇಕು. ದೋಣಿ ಅಲ್ಲಾಡುವಾಗ, ಹೊಟ್ಟೆ ತೊಳಸುವಾಗ ಇದು ಸ್ವಲ್ಪ ಸಿಟ್ಟು ಬರಿಸುತ್ತದೆ. ಆದರೆ ಮರೆಯಲು ಏನೂ ಇರುವುದಿಲ್ಲ ಅನ್ನುವುದು ಅದರ ಲಾಭ. ಜೂಪ್ ನೊವೊಗೆ ನಾಲ್ಕು ಬಟನ್. ಆರು ತಿಂಗಳು ಪೆಟ್ಟಿಗೆಯಲ್ಲಿಟ್ಟು ತೆಗೆದರೆ ಯಾವುದು ಯಾವುದಕ್ಕೆ ಅಂತ ಕೈಪಿಡಿ ಹುಡುಕಬೇಕಾಗುತ್ತದೆ.

ಬ್ಯಾಟರಿ ನೀವೇ ಬದಲಿಸುವಂತಿರಬೇಕು. ಕಂಪನಿಗೆ ಕಳಿಸಿ ಹಾಕಿಸಬೇಕು ಅನ್ನುವ ಮಾಡೆಲ್ ನಮ್ಮ ದೇಶದಲ್ಲಿ ತಲೆನೋವು. ನಾನು ಹೆಸರಿಸಿದ ಮೂರೂ ಅಗ್ಗದವುಗಳಲ್ಲಿ ಮನೆಯಲ್ಲೇ ಹಾಕಬಹುದು. ಲಿಯೊನಾರ್ಡೊಗೆ ಸಿಆರ್ 2430, ಇನ್ನೆರಡಕ್ಕೆ ಸಿಆರ್ 2450. ಇವು ಮುರುಡೇಶ್ವರದ ಕಿರಾಣಿ ಅಂಗಡಿಯಲ್ಲಿ ಸಿಗುತ್ತವೆ ಅಂತ ನಂಬಿ ಹೋಗಬೇಡಿ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ಉಂಗುರದ ಮೇಲೆ ಒಂದು ಕೂದಲು, ಒಂದು ಮರಳಿನ ಕಾಳು ಇದ್ದರೂ ನೀರು ಒಳಗೆ ಹೋದಂತೆಯೇ. ಬೆರಳಲ್ಲಿ ಸುತ್ತ ಸವರಿ ನೋಡಿ, ಆಮೇಲೆ ಮುಚ್ಚಿ.

ಬೇಡದ್ದು? ಸಿಲಿಂಡರ್ ಒತ್ತಡವನ್ನು ಮಣಿಕಟ್ಟಿಗೆ ಕಳಿಸುವ ಟ್ರಾನ್ಸ್‌ಮಿಟರ್. ಆ ಒತ್ತಡ ತೋರಿಸುವ ಗೇಜ್ ಇದ್ದೇ ಇರುತ್ತೆ, ಅಲ್ವಾ? ಬ್ಲೂಟೂತ್ ಇದ್ದರೆ ಖುಷಿ, ಇಲ್ಲದಿದ್ದರೆ ಲಾಗ್ ಬುಕ್ ಇದೆ. ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿಯ ಲೆಕ್ಕ ಮಾತ್ರ ಇರಲಿ, ಅಗ್ಗದವುಗಳಲ್ಲೂ ಬರುತ್ತದೆ. ಇಬ್ಬರಿಗೆ ಒಂದು ಸಾಕು ಅಂತ ಗಂಡ ಹೆಂಡತಿ ಹಂಚಿಕೊಳ್ಳಬೇಡಿ. ಒಬ್ಬರು ಎರಡು ಮೀಟರ್ ಕೆಳಗಿದ್ದರೆ ಲೆಕ್ಕವೇ ಬೇರೆ.

ಇನ್ನು, ಯಾವ ಕಂಪ್ಯೂಟರೂ ನಿಮಗೆ ಹೇಳದ ಒಂದು ವಿಷಯ. ಡೈವ್ ಮುಗಿದ ಮೇಲೆ ಅದರಲ್ಲಿ ವಿಮಾನದ ಚಿತ್ರ ಬರುತ್ತದೆ, ಹಾರಬೇಡಿ ಅಂತ. ದಿನಕ್ಕೆ ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ 18 ಗಂಟೆ ಕಾಯಿರಿ ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಅದು ವಿಮಾನದೊಳಗಿನ, 600ರಿಂದ 2400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಹೇಳಿದ್ದು. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ! ಮಧ್ಯಾಹ್ನ ನೇತ್ರಾಣಿಯಿಂದ ವಾಪಸ್ ಬಂದು, ರಾತ್ರಿ ಬಸ್ಸಲ್ಲಿ ಘಟ್ಟ ಹತ್ತುವವರ ಮೈಗೆ ಅದು ವಿಮಾನವೋ ಬಸ್ಸೋ ಗೊತ್ತಾಗುವುದಿಲ್ಲ. ನೀವು ಬಸ್ ಹತ್ತಿದ್ದು ಕಂಪ್ಯೂಟರಿಗೂ ಗೊತ್ತಿಲ್ಲ. ಮರುದಿನದ ಟಿಕೆಟ್ ಮಾಡಿಸಿ. ರಾತ್ರಿ ರೂಮಿನ ಬಾಡಿಗೆಯನ್ನೂ ನಿಮ್ಮ ಬಜೆಟ್‌ಗೆ ಸೇರಿಸಿಕೊಳ್ಳಿ.

ಈ ಮೇಜಿನ ಮೇಲೆ ಮೂರು ಕಂಪ್ಯೂಟರ್ ಇಟ್ಟಿದ್ದೇನೆ. ಬನ್ನಿ, ಓದುವ ಕನ್ನಡಕ ಬದಿಗಿಟ್ಟು, ಒಂದೊಂದನ್ನೂ ನೈಟ್ರಾಕ್ಸ್ 32ಕ್ಕೆ, ಅಂದರೆ ಶೇಕಡಾ 32 ಆಮ್ಲಜನಕಕ್ಕೆ ಹಾಕಿ, ಮತ್ತೆ ಮಾಮೂಲಿ ಗಾಳಿಯ 21ಕ್ಕೆ ತನ್ನಿ. ಯಾರಿಗೆ ಯಾವುದರಲ್ಲಿ ಬೈಗುಳ ಬರುತ್ತದೆ ನೋಡೋಣ.