ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ

ಕೇಳುಗರಿಗೆಲ್ಲ ನಮಸ್ಕಾರ. ಈಗ ನಮ್ಮ ಕೊಡಗಲ್ಲಿ ಆಟೋಮ್ಯಾಟಿಕ್ ಕಾರು ಜಾಸ್ತಿ ಆಗ್ತಾ ಇದೆ, ಕ್ಲಚ್ ತುಳಿದು ಮಂಡಿ ನೋವು ಅಂತ ಹಿರಿಯರು ತಗೋತಿದ್ದಾರೆ, ಬೆಂಗಳೂರಲ್ಲಿರೋ ಮಕ್ಕಳು ತಂದು ಅಪ್ಪ ಅಮ್ಮಂಗೆ ಬಿಟ್ಟು ಹೋಗೋದೂ ಇದೆ. ತುಂಬಾ ಒಳ್ಳೇದು. ಆದ್ರೆ ನಮ್ಮಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ಮಡಿಕೇರಿ ಪೇಟೆ ಒಳಗೇ ಏರು ಇಳಿಜಾರು, ತೋಟದ ಮನೆ ದಾರಿ ಕೇಳೋದೇ ಬೇಡ. ಅದಕ್ಕೇ ಇವತ್ತು ಒಂದೇ ಮಾತು ಹೇಳ್ತೀನಿ. ಗಾಡಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ, ಅಂದ್ರೆ ಗೇರ್ ಲಿವರಿನ ಪಾರ್ಕಿಂಗ್ ಜಾಗ.

ಪಿಗೆ ಹಾಕಿದ್ರೆ ಬ್ರೇಕ್ ಹಿಡೀತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಬ್ರೇಕಿಗೂ ಅದಕ್ಕೂ ಸಂಬಂಧನೇ ಇಲ್ಲ. ಗೇರ್‌ಬಾಕ್ಸ್ ಒಳಗೆ ಹಲ್ಲಿರೋ ಒಂದು ಚಕ್ರ ಇದೆ, ಅದರ ಹಲ್ಲಿನ ಸಂದಿಗೆ ಒಂದು ಸಣ್ಣ ಕಬ್ಬಿಣದ ಕೊಕ್ಕೆ ಬಂದು ಕೂತ್ಕೊಳ್ತದೆ, ಅಷ್ಟೇ. ಬಾಗಿಲಿನ ಚಿಲಕ ಇದ್ದ ಹಾಗೆ. ಸಾವಿರ ಕೆಜಿ ಮೇಲಿನ ಗಾಡಿ ಇಳಿಜಾರಲ್ಲಿ ರಾತ್ರಿಯಿಡೀ ಆ ಒಂದು ಕೊಕ್ಕೆಗೆ ಒರಗಿ ನಿಲ್ಲಬೇಕಾ?

ವಿರಾಜಪೇಟೆ ಕಡೆ ಒಂದು ಮದುವೆ ಮನೆಯಿಂದ ಒಬ್ಬರು ಹಿರಿಯರು ಫೋನ್ ಮಾಡಿದ್ರು, ಹೊಸ ಗಾಡಿ, ಲಿವರ್ ಪಿ ಬಿಟ್ಟು ಅಲ್ಲಾಡ್ತಾ ಇಲ್ಲ, ಶೋರೂಮಿನವ್ರು ಕೆಟ್ಟ ಗಾಡಿ ಕೊಟ್ಟಿದ್ದಾರೆ ಅಂತ ಒಂದೇ ಸಮ ಬೈತಿದ್ರು. ಹೋಗಿ ನೋಡ್ತೀನಿ, ಗಾಡಿ ಏರಿಗೆ ಮುಖ ಮಾಡಿ ನಿಂತಿದೆ, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದೆ. ಗಾಡಿ ಭಾರ ಎಲ್ಲ ಕೊಕ್ಕೆ ಮೇಲೆ ಕೂತು ಅದು ಹಲ್ಲಿನ ಸಂದೀಲಿ ಬಿಗಿಯಾಗಿದೆ, ಲಿವರ್ ಎಳೆದೂ ಎಳೆದೂ ಪಾಪ ಅವರ ಅಂಗೈ ಕೆಂಪಾಗಿತ್ತು. ಹಿಂದಿನ ಎರಡೂ ಟೈರಿಗೆ ದಪ್ಪ ಕಲ್ಲು ಕೊಡ್ಸಿದೆ, ಅದಿಲ್ಲದೆ ಯಾರನ್ನೂ ಗಾಡಿ ಹಿಂದೆ ನಿಲ್ಲಿಸಬಾರದು. ಮದುವೆಗೆ ಬಂದ ಹುಡುಗರು, ಕೊಡವರ ಉಡುಪು ಕುಪ್ಯಚೇಲೆ ಹಾಕಿದವರೂ ಸೇರಿ, ಸೈಡಿಂದ ಹಿಂದಿಂದ ಕೈ ಕೊಟ್ಟು ಒಂಚೂರು ಮೇಲಕ್ಕೆ ತಳ್ಳಿದ್ರು, ನಾನು ಬ್ರೇಕ್ ತುಳಿದು ಹಿಡಿದು ಲಿವರ್ ಎಳೆದೆ, ಟಕ್ ಅಂತ ಬಂತು. ಗಾಡೀಲಿ ಯಾವ ದೋಷನೂ ಇರ್ಲಿಲ್ಲ. ಆಮೇಲೆ ಅಲ್ಲೇ ಅವರನ್ನ ಕೂರಿಸಿ ನಿಲ್ಲಿಸೋದು ತೋರಿಸಿಕೊಟ್ಟೆ, ಅದನ್ನೇ ನಿಮಗೂ ಹೇಳ್ತೀನಿ, ಕೇಳಿ. ಬ್ರೇಕ್ ತುಳಿದು ಗಾಡಿ ಪೂರ್ತಿ ನಿಲ್ಲಿಸಿ. ಲಿವರ್ ಎನ್‌ಗೆ, ಅಂದ್ರೆ ನ್ಯೂಟ್ರಲಿಗೆ ತನ್ನಿ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೀರಿ. ಈಗ ಕಾಲು ನಿಧಾನಕ್ಕೆ ಸಡಿಲ ಮಾಡಿ, ಗಾಡಿ ಸ್ವಲ್ಪ ಜಗ್ಗಿ ಹ್ಯಾಂಡ್‌ಬ್ರೇಕ್ ಮೇಲೆ ಕೂರ್ತದೆ, ನಿಮಗೇ ಗೊತ್ತಾಗ್ತದೆ. ಮತ್ತೆ ಬ್ರೇಕ್ ತುಳಿದು ಪಿಗೆ ಹಾಕಿ ಆಫ್ ಮಾಡಿ. ಹತ್ತು ಸೆಕೆಂಡಿನ ಕೆಲಸ, ಇದಕ್ಕೂ ಅರ್ಜೆಂಟ್ ಅಂದ್ರೆ ಹೇಗೆ? ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ.

ಹೊರಡುವಾಗ ಇದನ್ನೇ ಉಲ್ಟಾ ಮಾಡಿ. ಬ್ರೇಕ್ ತುಳಿದು ಸ್ಟಾರ್ಟ್, ಪಿಯಿಂದ ಡಿಗೆ, ಅಂದ್ರೆ ಡ್ರೈವಿಗೆ, ಕೊನೆಗೆ ಹ್ಯಾಂಡ್‌ಬ್ರೇಕ್ ಬಿಡಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ, ಎಡಗಾಲು ಸುಮ್ಮನೆ ಪಕ್ಕಕ್ಕೆ ಇಟ್ಟುಬಿಡಿ. ಡಿಗೆ ಹಾಕಿ ಬ್ರೇಕ್ ಬಿಟ್ರೆ ಆಕ್ಸಿಲರೇಟರ್ ಮುಟ್ಟದೇ ಗಾಡಿ ತೆವಳ್ತದೆ, ಗಾಬರಿಯಾಗಿ ಏನೇನೋ ತುಳೀಬೇಡಿ.

ಇನ್ನು ಎಎಂಟಿ ಗಾಡಿಗಳು, ಅಂದ್ರೆ ಮಾಮೂಲಿ ಗೇರ್‌ಬಾಕ್ಸಿಗೇ ಕ್ಲಚ್ಚು ಗೇರು ತಾನೇ ಹಾಕೋ ಯಂತ್ರ ಜೋಡಿಸಿದವು, 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ತುಂಬಾ ಇದೆ, ಇದ್ರಲ್ಲಿ ಹೆಚ್ಚಿನವಕ್ಕೆ ಪಿ ಅನ್ನೋದೇ ಇಲ್ಲ. ಎನ್‌ನಲ್ಲಿ ಬಿಟ್ಟು ಹೋಗ್ಬೇಡಿ ದಯವಿಟ್ಟು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ, ಏರಿಗೆ ಮುಖ ಇದ್ರೆ ಡಿ, ಇಳಿಜಾರಿಗೆ ಇದ್ರೆ ಆರ್, ಅಂದ್ರೆ ರಿವರ್ಸ್ ಹಾಕಿ ಕೀ ಆಫ್ ಮಾಡಿ, ಗೇರ್ ಹಿಡ್ಕೊಳ್ತದೆ. ಮತ್ತೆ ಸ್ಟಾರ್ಟ್ ಮಾಡೋಕೆ ಬ್ರೇಕ್ ತುಳಿದು ಎನ್‌ಗೆ ತನ್ನಿ.

ಸಮಯ ಕಮ್ಮಿ ಇದೆ, ಇದೊಂದು ಹೇಳ್ಬಿಡ್ತೀನಿ. ರಸ್ತೆ ಬದಿ ನಿಲ್ಲಿಸಿದಾಗ ಸ್ಟೇರಿಂಗ್ ಬರೆ, ಅಂದ್ರೆ ರಸ್ತೆ ಪಕ್ಕದ ಮಣ್ಣಿನ ದಿಬ್ಬ ಇರೋ ಕಡೆಗೆ ತಿರುಗಿಸಿಡಿ, ಜಾರಿದ್ರೂ ಗಾಡಿ ಹೋಗಿ ಬರೆಗೆ ತಾಗಿ ನಿಲ್ತದೆ. ಮಳೆಗಾಲದಲ್ಲಿ ಮಾತ್ರ ಬರೆ ಕುಸೀಬಹುದು, ಅದರ ಕೆಳಗೆ ನಿಲ್ಲಿಸಲೇಬೇಡಿ, ಬೇರೆ ಜಾಗ ನೋಡ್ಕೊಳ್ಳಿ. ನಮಸ್ಕಾರ.